ಓಟದಲ್ಲಿ ಹಿಂದಿರುವವರು ಕ್ರೀಡಾ ವಿಜ್ಞಾನ ತಗೊಳ್ಳಬಹುದಾ?

ನೀಲಿಶೂ
ಎಲ್ಲರಿಗೂ ನಮಸ್ಕಾರ. ನನಗೆ 15 ವರ್ಷ, ಹೈಸ್ಕೂಲಿನಲ್ಲಿ ಓದುತ್ತಿದ್ದೇನೆ. ಮುಂದಿನ ವರ್ಷಕ್ಕೆ ಒಂದು ಐಚ್ಛಿಕ ವಿಷಯ ಆರಿಸಬೇಕು. ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಮೇಲೆ ಮನಸ್ಸಿದೆ. ಆದರೆ ನಾನು ಯಾವ ತಂಡದಲ್ಲೂ ಇಲ್ಲ, ಓಟದಲ್ಲಿ ಯಾವಾಗಲೂ ಹಿಂದೆ. ನನಗೆ ಇಷ್ಟ ಆಗೋದು ಜೀವಶಾಸ್ತ್ರ. ಹೃದಯದ ಪಾಠ ಓದುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಮನೆಯಲ್ಲಿ "ಆಟಕ್ಕೂ ಪುಸ್ತಕ ಬೇಕಾ?" ಅಂತಾರೆ. ಗೆಳತಿ "ಸುಲಭ, ಕಣ್ಣು ಮುಚ್ಚಿಕೊಂಡು ತಗೋ" ಅಂತಾಳೆ. ಮೇಲಿನ ಕ್ಲಾಸಿನ ಅಕ್ಕನ ಪುಸ್ತಕ ತೆರೆದು ನೋಡಿದೆ. ಎಟಿಪಿ, ಗ್ಲೈಕಾಲಿಸಿಸ್, ಮೂರನೇ ವರ್ಗದ ಸನ್ನೆ (ಲಿವರ್). ಸುಲಭ ಅನ್ನಿಸಲಿಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಪರಿಚಯಕ್ಕೆ ಅಂತ ನಮಗೆ ಒಂದು ಪ್ರಾಕ್ಟಿಕಲ್ ಮಾಡಿಸಿದರು. 3 ನಿಮಿಷ ಮೆಟ್ಟಿಲು ಹತ್ತಿ ಇಳಿದು, ನಿಂತ ಕೂಡಲೇ 15 ಸೆಕೆಂಡ್ ನಾಡಿ ಎಣಿಸಿ, 4ರಿಂದ ಗುಣಿಸಬೇಕು. ನನಗೆ 172 ಬಂತು. ನನ್ನ ಗೆಳತಿಗೆ 136. ಹಾಳೆಯಲ್ಲಿದ್ದ ಮಾದರಿ ಕೋಷ್ಟಕದಲ್ಲಿ 150 ಇತ್ತು. ಮಾಡಿಸುತ್ತಿದ್ದವರು "ತಪ್ಪು ಎಣಿಸಿದ್ದೀಯ, 150 ಅಂತ ಬರೆದುಬಿಡು" ಅಂದರು. ಬರೆದೆ. ಆದರೆ ನಾನು ಸರಿಯಾಗಿಯೇ ಎಣಿಸಿದ್ದೆ. ಒಂದೇ ವಯಸ್ಸು, ಒಂದೇ ಮೆಟ್ಟಿಲು. ಇಷ್ಟು ವ್ಯತ್ಯಾಸ ಹೇಗೆ ಬಂತು?

ಹಳೇಓಟಗಾರ
ತಗೋ ತಂಗಿ. ಓಟ ಗೆಲ್ಲೋದೇ ಬೇರೆ, ಓಡುವಾಗ ಒಳಗೆ ಏನಾಗುತ್ತದೆ ಅಂತ ತಿಳಿಯೋದೇ ಬೇರೆ. ನಾನು ಶಾಲೆಯಲ್ಲಿ 800 ಮೀಟರ್ ಓಡುತ್ತಿದ್ದೆ. ಮೈದಾನದಲ್ಲಿ ಮುಂದಿದ್ದೇನೆ, ಓದೋದೇನಿದೆ ಅಂದುಕೊಂಡೇ ಈ ವಿಷಯ ತಗೊಂಡೆ. ಮೊದಲ ಪರೀಕ್ಷೆಯಲ್ಲಿ ಹೃದಯದ ಚಿತ್ರದಲ್ಲಿ ಎಡ ಬಲ ಅದಲುಬದಲು ಮಾಡಿದ್ದೆ. ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವಳು ಚೆಸ್ ಆಡುತ್ತಿದ್ದ ಹುಡುಗಿ. ಅವಳು ಪ್ರತಿಯೊಂದಕ್ಕೂ "ಯಾಕೆ" ಅಂತ ಕೇಳುತ್ತಿದ್ದಳು. ನಿನ್ನ ಪ್ರಶ್ನೆ ಓದಿದಾಗ ಅವಳೇ ನೆನಪಾದಳು.

ಎರಡನೇಸಾಲು
ಮೊದಲು ಸಿಲಬಸ್ ನೋಡು. ಅದನ್ನು ನೋಡದೆ ಇಲ್ಲಿ ಯಾರ ಮಾತೂ ಕೇಳಬೇಡ.

ಸ್ಟಾಪ್‌ವಾಚ್
ಎರಡನೇಸಾಲು ಹೇಳಿದ್ದು ಸರಿ. ಹೆಸರು ಒಂದೇ ಥರ ಇದ್ದರೂ ಒಳಗಿರೋದು ಬೇರೆ. ಇಂಗ್ಲೆಂಡಿನ ಜಿಸಿಎಸ್‌ಇ (ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆ) ದೈಹಿಕ ಶಿಕ್ಷಣದಲ್ಲಿ 60 ಭಾಗ ಲಿಖಿತ ಪರೀಕ್ಷೆ, 30 ಭಾಗ ಮೂರು ಆಟಗಳಲ್ಲಿ ಆಡಿ ತೋರಿಸೋದಕ್ಕೆ, 10 ಭಾಗ ಆಟದ ವಿಶ್ಲೇಷಣೆಗೆ. ಅಲ್ಲಿ ಆಡೋಕೆ ಬರದಿದ್ದರೆ ಕಷ್ಟ ಆಗುತ್ತದೆ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಪಠ್ಯಕ್ರಮದಲ್ಲಿ ಇದೇ ವಿಷಯ ರಸಾಯನಶಾಸ್ತ್ರ, ಭೌತಶಾಸ್ತ್ರದ ಸಾಲಿನಲ್ಲಿ ಬರುತ್ತದೆ. ಆಡಿ ತೋರಿಸೋದಕ್ಕೆ ಅಂತ ಅಂಕವೇ ಇಲ್ಲ. ಅದರ ಬದಲು ನೀನೇ ಒಂದು ಪ್ರಶ್ನೆ ಹಾಕಿಕೊಂಡು, ಅಳತೆ ಮಾಡಿ, ವರದಿ ಬರೆಯಬೇಕು.

ಹಾಗಾಗಿ ನಿಮ್ಮ ಶಾಲೆಯಲ್ಲಿ ಒಂದೇ ಪ್ರಶ್ನೆ ಕೇಳು: "ಆಟ ಆಡಿ ತೋರಿಸೋದಕ್ಕೆ ಅಂಕ ಎಷ್ಟು?" ಉತ್ತರ ಗೊತ್ತಾದರೆ ನಿನ್ನ ಅರ್ಧ ಚಿಂತೆ ಮುಗಿಯಿತು.

ಭೌತಶಾಸ್ತ್ರದಮೇಡಂ
ವಿಷಯ ಆರಿಸೋದು ಆಮೇಲೆ ಆಗಲಿ. 172 ಬಂದಿದ್ದನ್ನು 150 ಅಂತ ಬರೆಸಿದ್ದು ಓದಿ ನನಗೆ ಬೇಜಾರಾಯಿತು. ಲ್ಯಾಬಿನಲ್ಲಿ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದೇ ಬಂದದ್ದನ್ನು ಬಂದ ಹಾಗೆ ಬರೆಯೋದು.

ಪುಟ್ಟಾ, ಒಂದು ಲೆಕ್ಕ ಮಾಡಿ ನೋಡು. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ 150 ಬರೋದಕ್ಕೆ ಸಾಧ್ಯವೇ ಇಲ್ಲ. 37 ಬಡಿತಕ್ಕೆ 148, 38ಕ್ಕೆ 152. ನಡುವೆ ಏನೂ ಇಲ್ಲ. ನಿನ್ನ 172 ಅಂದರೆ 43 ಬಡಿತ. ಗೆಳತಿಯ 136 ಅಂದರೆ 34. ಎರಡೂ ನಿಜವಾಗಿ ಎಣಿಸಿದ ಸಂಖ್ಯೆಯ ಹಾಗೇ ಇವೆ. ಹಾಳೆಯಲ್ಲಿದ್ದ 150 ಈ ವಿಧಾನದಲ್ಲಿ ಯಾರೂ ಎಣಿಸಿದ ಸಂಖ್ಯೆ ಆಗಿರಲಾರದು.

ನೀಲಿಶೂ
ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ! ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ 43 ಅಂತ ಬರೆದಿದ್ದು ಇನ್ನೂ ಹಾಗೇ ಇದೆ.

ಭೌತಶಾಸ್ತ್ರದಮೇಡಂ
ಅಳಿಸಬೇಡ. ಅದೇ ನಿನ್ನ ದತ್ತಾಂಶ.

ಗೋಲ್‌ಕೀಪರ್
ಹೇಳೋದಕ್ಕೆ ಚೆನ್ನಾಗಿದೆ ಮೇಡಂ. ಆದರೆ ಅಂಕ ಕೊಡುವವರು ಮಾದರಿ ಉತ್ತರ ಹಿಡಿದುಕೊಂಡು ಕೂತಿರುತ್ತಾರೆ. ಬೇರೆ ಸಂಖ್ಯೆ ಬರೆದರೆ ಅಂಕ ಹೋಗುತ್ತದೆ. ಇದನ್ನು ಅನುಭವಿಸುವವರು ಮಕ್ಕಳು.

ಭೌತಶಾಸ್ತ್ರದಮೇಡಂ
ಗೋಲ್‌ಕೀಪರ್ ಅವರೇ, ನಾನು ಎಷ್ಟೋ ವರ್ಷ ಪ್ರಾಕ್ಟಿಕಲ್ ಪುಸ್ತಕ ತಿದ್ದಿದ್ದೇನೆ. ಇಡೀ ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಸಂಖ್ಯೆ ಬಂದರೆ ಅಲ್ಲಿ ಯಾರೂ ಅಳೆದಿಲ್ಲ ಅಂತ ಗೊತ್ತಾಗಿಬಿಡುತ್ತದೆ. "172 ಬಂತು, ಮಾದರಿಗಿಂತ ಜಾಸ್ತಿ, ಕಾರಣ ಇವು ಇರಬಹುದು" ಅಂತ ಎರಡು ಸಾಲು ಬರೆದ ಮಗುವಿಗೆ ನಾನು ಯಾವತ್ತೂ ಅಂಕ ಕಡಿಮೆ ಮಾಡಿಲ್ಲ. ಎಲ್ಲರೂ ಹಾಗೆ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಸುಳ್ಳು ಬರೆಯೋದು ಪರಿಹಾರ ಅಲ್ಲ. ಹೋಗಿ ಕೇಳಬೇಕು.

ಮಂಡಿಚಿಪ್ಪು
ನಾನು ಫಿಸಿಯೋಥೆರಪಿಸ್ಟ್. 172 ಮತ್ತು 136ರ ಬಗ್ಗೆ ಹೇಳುತ್ತೇನೆ.

ಹೃದಯ ಒಂದು ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಅನ್ನೋದು ಎರಡು ಸಂಖ್ಯೆಗಳ ಗುಣಾಕಾರ. ಎಷ್ಟು ಸಲ ಬಡಿಯುತ್ತದೆ, ಒಂದೊಂದು ಬಡಿತಕ್ಕೆ ಎಷ್ಟು ತಳ್ಳುತ್ತದೆ. ಸುಮ್ನೆ ಕೂತಿರುವ ದೊಡ್ಡವರಲ್ಲಿ ನಿಮಿಷಕ್ಕೆ 70 ಬಡಿತ, ಬಡಿತಕ್ಕೆ 70 ಮಿಲಿಲೀಟರ್ ಅಂತ ಹಿಡಿದರೆ ಸುಮಾರು 5 ಲೀಟರ್. ಮೆಟ್ಟಿಲು ಹತ್ತುವಾಗ ಕಾಲಿನ ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಬೇಕು. ನಿನ್ನ ಗೆಳತಿಯ ಹೃದಯ ಒಂದು ಬಡಿತಕ್ಕೆ ಜಾಸ್ತಿ ತಳ್ಳುತ್ತಿದ್ದರೆ ಕಡಿಮೆ ಬಡಿತದಲ್ಲೇ ಅವಳ ಕೆಲಸ ಆಗುತ್ತದೆ. ನಿನ್ನದು ಕಡಿಮೆ ತಳ್ಳುತ್ತಿದ್ದರೆ ಜಾಸ್ತಿ ಸಲ ಬಡಿಯಬೇಕು. ಇದು ಕಾಯಿಲೆ ಅಲ್ಲ. ಅಭ್ಯಾಸ ಮಾಡಿದರೆ ಬದಲಾಗುತ್ತದೆ.

ಈಗ ಕೆಲವು ಪ್ರಶ್ನೆ. ಗೆಳತಿ ದಿನಾ ಏನಾದರೂ ಆಡುತ್ತಾಳಾ? ನಿನ್ನ ಎತ್ತರ ಅವಳಿಗಿಂತ ಕಡಿಮೆಯಾ? ಹಿಂದಿನ ರಾತ್ರಿ ನಿದ್ದೆ ಆಗಿತ್ತಾ? ಎಲ್ಲರೂ ನೋಡುತ್ತಿದ್ದಾರೆ ಅಂತ ಗಾಬರಿ ಇತ್ತಾ? ನಾಡಿ ಯಾವ ಬೆರಳಿನಲ್ಲಿ ಹಿಡಿದೆ?

ನೀಲಿಶೂ
ಅವಳು ದಿನಾ ಈಜಲು ಹೋಗುತ್ತಾಳೆ. ನಾನು ಅವಳಿಗಿಂತ ಸುಮಾರು ಒಂದು ಗೇಣು ಕುಳ್ಳಿ. ಆ ಮೆಟ್ಟಿಲು ನನಗೆ ಮಂಡಿಯ ಹತ್ತಿರ ಬರುತ್ತದೆ. ಅವಳಿಗೆ ಮಂಡಿಗಿಂತ ಎಷ್ಟೋ ಕೆಳಗೆ. ಗಾಬರಿ ಇತ್ತು. ಹೆಬ್ಬೆರಳಿನಲ್ಲಿ ಹಿಡಿದಿದ್ದೆ.

ಮಂಡಿಚಿಪ್ಪು
ಹೆಬ್ಬೆರಳು ಬೇಡ. ಅದರಲ್ಲೇ ಒಂದು ನಾಡಿ ಬಡಿಯುತ್ತಿರುತ್ತದೆ, ಎರಡೂ ಕಲೆತು ಲೆಕ್ಕ ತಪ್ಪುತ್ತದೆ. ತೋರುಬೆರಳು ಮತ್ತು ನಡುಬೆರಳು ಸೇರಿಸಿ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಹಿಡಿ. ಮೆಟ್ಟಿಲಿನ ಎತ್ತರವಂತೂ ದೊಡ್ಡ ಕಾರಣ. ಕಾಲು ಗಿಡ್ಡ ಇದ್ದವರು ಅದೇ ಮೆಟ್ಟಿಲಿಗೆ ಮಂಡಿ ಜಾಸ್ತಿ ಮಡಿಸಿ ಏಳಬೇಕು. ಕಾಲಿಗೆ ಶ್ರಮ ಜಾಸ್ತಿ.

ಮೀನಖಂಡ
ಪೂರ್ತಿ ಒಂದು ನಿಮಿಷ ಎಣಿಸಿದರೆ ಇನ್ನೂ ನಿಖರ ಅಲ್ವಾ? 15 ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ 4 ತಪ್ಪುತ್ತದೆ.

ಸ್ಟಾಪ್‌ವಾಚ್
ಕೂತಿರುವಾಗ ಎಣಿಸೋದಾದರೆ ಪೂರ್ತಿ ನಿಮಿಷ ಒಳ್ಳೆಯದು. ವ್ಯಾಯಾಮ ನಿಲ್ಲಿಸಿದ ಮೇಲೆ ಬಡಿತ ಕೂಡಲೇ ಇಳಿಯೋಕೆ ಶುರುವಾಗುತ್ತದೆ. ನಿಮಿಷ ಮುಗಿಯೋ ಹೊತ್ತಿಗೆ ನೀವು ಅಳೆಯುತ್ತಿರೋದು ಬೇರೆಯೇ ಬಡಿತ. ಅದಕ್ಕೇ 15 ಸೆಕೆಂಡ್.

ಗೋಲ್‌ಕೀಪರ್
ಗರಿಷ್ಠ ಬಡಿತ 220ರಿಂದ ವಯಸ್ಸು ಕಳೆದರೆ ಬರುತ್ತದೆ. ಇವಳಿಗೆ 205. 172 ಅಂದರೆ ಅದರ ಶೇ. 84. ಮೂರು ನಿಮಿಷದ ಮೆಟ್ಟಿಲಿಗೆ ಇದು ಜಾಸ್ತಿಯೇ. ಅಭ್ಯಾಸ ಶುರು ಮಾಡಮ್ಮ.

ಹಳೇಓಟಗಾರ
ಅಭ್ಯಾಸ ಮಾಡು ಅನ್ನೋದು ಒಪ್ಪಿದೆ. ಆದರೆ ಆ 205 ಇವಳ ಸಂಖ್ಯೆ ಅಂತ ಹೇಳೋದಕ್ಕೆ ಆಗಲ್ಲ. 220 ಸೂತ್ರ 1970ರ ಹೊತ್ತಿಗೆ ಬಂದ ಒಂದು ಅಂದಾಜು. 2001ರಲ್ಲಿ ಟನಾಕ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ಬೇರೆ ಸೂತ್ರ ಕೊಟ್ಟರು, 208ರಿಂದ ವಯಸ್ಸಿನ 0.7 ಪಾಲು ಕಳೆಯೋದು. 15 ವರ್ಷಕ್ಕೆ ಅದು 197.5 ಬರುತ್ತದೆ. ಅದು ದೊಡ್ಡವರನ್ನು ಅಳೆದು ಮಾಡಿದ್ದು, ಮಕ್ಕಳಿಗೆ ಹಾಗೇ ಹಾಕೋಕೂ ಬರಲ್ಲ. ಯಾವ ಸೂತ್ರ ಹಿಡಿದರೂ ಒಬ್ಬೊಬ್ಬರಲ್ಲಿ 10 ಬಡಿತ ಆಚೀಚೆ ಆಗೋದು ಮಾಮೂಲು. ಸೂತ್ರ ಗುಂಪಿಗೆ. ನಾಡಿ ಒಬ್ಬೊಬ್ಬರಿಗೆ.

ಗೋಲ್‌ಕೀಪರ್
ಸರಿ, ಶೇ. 84 ವಾಪಸ್ ತಗೊಂಡೆ.

ಅಮ್ಮನಪ್ರಶ್ನೆ
ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ 14. ಅವನಿಗೂ ಇದೇ ವಿಷಯ ಬೇಕಂತೆ. ಮುಂದೆ ಇದರಿಂದ ಏನು ಮಾಡಬಹುದು? ಇನ್ನೊಂದು, ಇದರಲ್ಲಿ ಭಾರ ಎತ್ತಿಸುತ್ತಾರಂತೆ. ಈ ವಯಸ್ಸಿನಲ್ಲಿ ಎತ್ತಿದರೆ ಎತ್ತರ ಬೆಳೆಯಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ.

ಮಂಡಿಚಿಪ್ಪು
ಭಾರ ಎತ್ತಿದರೆ ಕುಳ್ಳಾಗುತ್ತಾರೆ ಅನ್ನೋದಕ್ಕೆ ಆಧಾರ ಇಲ್ಲಮ್ಮ. ಗೊತ್ತಿರುವವರು ಪಕ್ಕದಲ್ಲಿ ನಿಂತು, ಕಡಿಮೆ ಭಾರದಿಂದ ಶುರು ಮಾಡಿ, ಸರಿಯಾದ ಭಂಗಿಯಲ್ಲಿ ಮಾಡಿಸಿದರೆ ಹದಿವಯಸ್ಸಿನ ಮಕ್ಕಳಿಗೂ ಒಳ್ಳೆಯದೇ. ತೊಂದರೆ ಆಗೋದು ಯಾರೂ ಇಲ್ಲದಾಗ ಪಂದ್ಯಕ್ಕೆ ಬಿದ್ದು ಜಾಸ್ತಿ ಎತ್ತಿದಾಗ.

ಮುಂದಿನ ದಾರಿ ತುಂಬಾ ಇದೆ. ಫಿಸಿಯೋಥೆರಪಿ, ತರಬೇತಿ, ಪೋಷಣೆ, ಆಟದ ಅಂಕಿಅಂಶ, ಶಿಕ್ಷಕ ವೃತ್ತಿ. ಆದರೆ ಕೆಲವು ಕೋರ್ಸುಗಳಿಗೆ ಜೀವಶಾಸ್ತ್ರ, ರಸಾಯನಶಾಸ್ತ್ರ ಬೇಕೇ ಬೇಕು. ಅವನ್ನು ಬಿಟ್ಟು ಬರೀ ಇದೊಂದನ್ನು ಹಿಡಿಯೋದು ಬೇಡ.

ಮೀನಖಂಡ
ನೀಲಿಶೂ, ಶಕ್ತಿ ವ್ಯವಸ್ಥೆ ಪಾಠಕ್ಕೆ, ಅಂದರೆ ಸ್ನಾಯುವಿಗೆ ಶಕ್ತಿ ಎಲ್ಲಿಂದ ಬರುತ್ತದೆ ಅನ್ನೋದಕ್ಕೆ, ಹೆದರಬೇಡ. ಹೀಗೆ ಬಾಯಿಪಾಠ ಮಾಡು. ಮೊದಲ 10 ಸೆಕೆಂಡ್ ಸ್ನಾಯುವಿನಲ್ಲೇ ಕೂಡಿಟ್ಟಿರುವ ಕ್ರಿಯಾಟಿನ್ ಫಾಸ್ಫೇಟ್. ಆಮೇಲೆ ಎರಡು ನಿಮಿಷದವರೆಗೆ ಲ್ಯಾಕ್ಟಿಕ್, ಅಂದರೆ ಆಮ್ಲಜನಕ ಇಲ್ಲದೆ ಸಕ್ಕರೆ ಒಡೆಯೋದು. ಆಮೇಲೆ ಆಮ್ಲಜನಕದ್ದು. ಅಷ್ಟೇ.

ಹಳೇಓಟಗಾರ
ಮೀನಖಂಡ ಅವರೇ, ಹೀಗೆ ಬಾಯಿಪಾಠ ಮಾಡಿಯೇ ನಾನು ಕೆಟ್ಟೆ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗೋದಿಲ್ಲ. ಮೂರೂ ಮೊದಲ ಹೆಜ್ಜೆಯಿಂದಲೇ ನಡೆಯುತ್ತಿರುತ್ತವೆ. ಯಾವುದರ ಪಾಲು ಜಾಸ್ತಿ ಅನ್ನೋದು ಮಾತ್ರ ಬದಲಾಗುತ್ತದೆ. ಒಂದೇ ಒಲೆಯಲ್ಲಿ ಕಾಗದ, ಪುಳ್ಳೆ, ದಪ್ಪ ಕೊರಡು ಮೂರನ್ನೂ ಒಟ್ಟಿಗೆ ಇಟ್ಟು ಬೆಂಕಿ ಹಚ್ಚಿದ ಹಾಗೆ. ಕಾಗದ ಭಗ್ಗನೆ ಉರಿದು ಹೋಗುತ್ತದೆ. ಕೊರಡು ನಿಧಾನಕ್ಕೆ ಹತ್ತಿಕೊಳ್ಳುತ್ತದೆ, ಆದರೆ ಅದೇ ಕೊನೆವರೆಗೂ ಉರಿಯುತ್ತದೆ.

ನನ್ನ 800 ಮೀಟರಿಗೆ ಎರಡು ನಿಮಿಷದ ಮೇಲೆ ಸ್ವಲ್ಪ ಆಗುತ್ತಿತ್ತು. ಅದು ಪೂರ್ತಿ ದಮ್ಮು ಕಟ್ಟಿ ಓಡುವ ಓಟ ಅಂದುಕೊಂಡಿದ್ದೆ. ನಿಜ ನೋಡಿದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ಇದು ಗೊತ್ತಾದ ಮೇಲೆ ವಾರಕ್ಕೆ ಎರಡು ದಿನ ಉದ್ದದ ನಿಧಾನ ಓಟ ಸೇರಿಸಿಕೊಂಡೆ. ಕೊನೆಯ 200 ಮೀಟರಿನಲ್ಲಿ ಕಾಲು ಕಲ್ಲಾಗೋದು ಕಡಿಮೆಯಾಯಿತು.

ಬೆಳಗಿನಓಟ
ಕಾಲು ಕಲ್ಲಾಗೋದು ಲ್ಯಾಕ್ಟಿಕ್ ಆಮ್ಲ. ಮಾರನೇ ದಿನದ ಮೈಕೈ ನೋವೂ ಅದೇ. ಅದು ಸ್ನಾಯುವಿನಲ್ಲಿ ಕೂತುಬಿಡುತ್ತದೆ, ಮಸಾಜ್ ಮಾಡಿ ತೆಗೆಯಬೇಕು.

ಮಂಡಿಚಿಪ್ಪು
ಇದನ್ನು ಹಾಗೇ ಬಿಡೋಕೆ ಆಗಲ್ಲ ಬೆಳಗಿನಓಟ ಅವರೇ. ಓಟ ನಿಲ್ಲಿಸಿದ ಮೇಲೆ ಒಂದು ಗಂಟೆಯ ಆಸುಪಾಸಿನಲ್ಲಿ ಲ್ಯಾಕ್ಟೇಟ್ (ನೀವು ಹೇಳಿದ ಲ್ಯಾಕ್ಟಿಕ್ ಆಮ್ಲ ಮೈಯಲ್ಲಿ ಇರುವ ರೂಪ) ಮಾಮೂಲು ಮಟ್ಟಕ್ಕೆ ಬಂದಿರುತ್ತದೆ. ಮೈಕೈ ನೋವು ಹೆಚ್ಚಾಗೋದು 24ರಿಂದ 72 ಗಂಟೆಯ ಒಳಗೆ. ಇಲ್ಲದೇ ಇರೋದು ಎರಡು ದಿನ ಬಿಟ್ಟು ಹೇಗೆ ನೋಯಿಸುತ್ತದೆ? ಇಳಿಜಾರಿನಲ್ಲಿ ಓಡಿ ನೋಡಿ. ಏರು ಹತ್ತುವಾಗಿನಷ್ಟು ಏದುಸಿರು ಬರಲ್ಲ, ಆದರೆ ಎರಡನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಬೇಕಾಗುತ್ತದೆ. ಇಳಿಯುವಾಗ ಸ್ನಾಯು ಎಳೆಯಲ್ಪಡುತ್ತಲೇ ಬಿಗಿ ಹಿಡಿಯಬೇಕು. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ನೋವಿನ ಮೂಲ ಅಲ್ಲಿ.

ಇನ್ನು ಲ್ಯಾಕ್ಟೇಟ್ ಕಸ ಅಲ್ಲ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಅದಕ್ಕೆ ಕೋರಿ ಚಕ್ರ ಅಂತ ಹೆಸರು. ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.

ಬೆಳಗಿನಓಟ
ಇಷ್ಟು ವರ್ಷದಿಂದ ಓಡುತ್ತಿದ್ದೇನೆ, ಎಲ್ಲರೂ ಹೀಗೇ ಹೇಳಿದ್ದು. ಇಳಿಜಾರಿನ ಮಾತು ಮಾತ್ರ ನಿಜ, ನನಗೂ ಹಾಗೇ ಆಗಿದೆ. ಯೋಚನೆ ಮಾಡುತ್ತೇನೆ.

ನೀಲಿಶೂ
ಅಕ್ಕನ ಪುಸ್ತಕದಲ್ಲಿ ಬೆಳಗಿನಓಟ ಅವರು ಹೇಳಿದ ಹಾಗೇ ಇದೆ. ಪರೀಕ್ಷೆಯಲ್ಲಿ ಯಾವುದು ಬರೆಯಲಿ?

ಗೋಲ್‌ಕೀಪರ್
ಪುಸ್ತಕದ್ದು ಬರೆ. ಅಂಕ ಅಲ್ಲಿದೆ.

ಭೌತಶಾಸ್ತ್ರದಮೇಡಂ
ಮೊದಲು ಟೀಚರಿಗೆ ಪುಟ ತೋರಿಸಿ ಕೇಳು. ಎಷ್ಟೋ ಸಲ ಅವರಿಗೂ ಗೊತ್ತಿರುತ್ತದೆ, ಪುಸ್ತಕ ಹಳೆಯದು ಅಷ್ಟೇ. ಅವರು ಸರಿ ಅಂದರೆ ನಿಜವಾದ ಕಾರಣವನ್ನೇ ಬರೆ. ನಾನಾದರೆ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಎರಡನೇಸಾಲು
ಸನ್ನೆಯ ಪಾಠ ಯಾರಾದರೂ ಹೇಳಿಕೊಡಿ. ನನ್ನ ತಮ್ಮನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆ.

ಭೌತಶಾಸ್ತ್ರದಮೇಡಂ
ನೀರು ತುಂಬಿದ ಒಂದು ಲೀಟರ್ ಬಾಟಲಿ ತಗೊಳ್ಳಿ. ಮೊಣಕೈ ಮೇಜಿನ ಮೇಲಿಟ್ಟು, ಮುಂಗೈ ಮೇಜಿಗೆ ತಾಗದ ಹಾಗೆ ಸ್ವಲ್ಪ ಎತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಮೊಣಕೈ ಮಡಿಕೆಯ ಒಳಭಾಗ ಮುಟ್ಟಿ. ಹಗ್ಗದ ಹಾಗೆ ಬಿಗಿಯಾಗಿ ನರದಂಥದ್ದೊಂದು ಸಿಗುತ್ತದೆ. ಅದು ನರ ಅಲ್ಲ, ತೋಳಿನ ಸ್ನಾಯುವಿನ ಸ್ನಾಯುರಜ್ಜು. ಮೊಣಕೈ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ಮುಂದೆ ಅದು ಮೂಳೆಗೆ ಅಂಟಿಕೊಂಡಿದೆ. ಬಾಟಲಿ ಇರೋದು ಸುಮಾರು 32 ಸೆಂಟಿಮೀಟರ್ ದೂರದಲ್ಲಿ. ಅಂದರೆ 8 ಪಟ್ಟು ದೂರ. ಒಂದು ಕೆಜಿ ಹಿಡಿಯೋದಕ್ಕೆ ಸ್ನಾಯು 8 ಕೆಜಿ ಭಾರದಷ್ಟು ಬಲದಿಂದ ಎಳೆಯಬೇಕು. ಮುಂಗೈಯ ತೂಕ ಬೇರೆ.

ಆನಿಕೆ (ಇಲ್ಲಿ ಮೊಣಕೈ ಕೀಲು) ಒಂದು ತುದಿಯಲ್ಲಿ, ಭಾರ ಇನ್ನೊಂದು ತುದಿಯಲ್ಲಿ, ಬಲ ನಡುವೆ. ಇದೇ ಮೂರನೇ ವರ್ಗ. ನಷ್ಟದ ವ್ಯವಹಾರ ಅನ್ನಿಸುತ್ತದೆ ಅಲ್ವಾ? ಆದರೆ ಸ್ನಾಯು ಒಂದು ಸೆಂಟಿಮೀಟರ್ ಮುದುಡಿದರೆ ಅಂಗೈ 8 ಸೆಂಟಿಮೀಟರ್ ಚಲಿಸುತ್ತದೆ. ಚೆಂಡು ಎಸೆಯೋದಕ್ಕೆ ಬೇಕಾದ ವೇಗ ಇಲ್ಲಿಂದ ಬರುತ್ತದೆ. ತುದಿಗಾಲಿನಲ್ಲಿ ನಿಲ್ಲೋದು ಎರಡನೇ ವರ್ಗ, ತಲೆ ಆಡಿಸೋದು ಮೊದಲನೇ ವರ್ಗ. ಇವೆರಡನ್ನೂ ತಮ್ಮ ತನ್ನ ಮೈಯಲ್ಲೇ ಮುಟ್ಟಿ ಹುಡುಕಲಿ.

ಎರಡನೇಸಾಲು
ತಮ್ಮ ಬಾಟಲಿ ಹಿಡಿದು ಕೂತಿದ್ದಾನೆ. ಈಗ ಅರ್ಥವಾಯಿತಂತೆ. ತುಂಬಾ ಥ್ಯಾಂಕ್ಸ್ ಮೇಡಂ.

ಮೀನಖಂಡ
ಹಾಗಾದರೆ ಎತ್ತರ ಜಿಗಿತದಲ್ಲಿ ಬೆನ್ನು ಕೆಳಗೆ ಮಾಡಿ ಹಾರುವುದೂ ಇಂಥದ್ದೇ ಲೆಕ್ಕವಾ?

ಭೌತಶಾಸ್ತ್ರದಮೇಡಂ
ಅದು ಗುರುತ್ವ ಕೇಂದ್ರದ, ಅಂದರೆ ದೇಹದ ತೂಕವೆಲ್ಲ ಒಂದೆಡೆ ಸೇರಿದ ಹಾಗಿರುವ ಬಿಂದುವಿನ ಲೆಕ್ಕ. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಡಿಕ್ ಫಾಸ್ಬರಿ ಹಾಗೆ ಹಾರಿ 2.24 ಮೀಟರ್ ದಾಟಿ ಚಿನ್ನ ಗೆದ್ದರು. ಬೆನ್ನು ಬಿಲ್ಲಿನ ಹಾಗೆ ಬಾಗಿದಾಗ ದೇಹದ ಗುರುತ್ವ ಕೇಂದ್ರ ದೇಹದ ಹೊರಗೆ, ಕೆಳಗೆ ಬರುತ್ತದೆ. ತಲೆ, ಬೆನ್ನು, ಸೊಂಟ, ಕಾಲು ಒಂದೊಂದಾಗಿ ಕೋಲಿನ ಮೇಲೆ ದಾಟುತ್ತವೆ. ಕೇಂದ್ರ ಮಾತ್ರ ಕೋಲಿನ ಕೆಳಗೇ ಹಾದುಹೋಗಬಹುದು. ಮೊದಲ ಸಲ ಇದನ್ನು ಚಿತ್ರ ಬರೆದು ನೋಡಿದಾಗ ನನಗೆ ರೋಮಾಂಚನ ಆಗಿತ್ತು.

ಸ್ಟಾಪ್‌ವಾಚ್
ನೀಲಿಶೂ, ಈ ವಾರವೇ ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. 30 ಸೆಂಟಿಮೀಟರ್ ಸ್ಕೇಲನ್ನು ಯಾರಾದರೂ ನೇರವಾಗಿ ಹಿಡಿದು, ಹೇಳದೆ ಬಿಡಲಿ. ಸೊನ್ನೆಯ ಗೆರೆಯ ಹತ್ತಿರ ಬೆರಳು ತೆರೆದಿಟ್ಟುಕೊಂಡು ನೀನು ಹಿಡಿ. 15 ಸೆಂಟಿಮೀಟರಿನಲ್ಲಿ ಹಿಡಿದರೆ 0.175 ಸೆಕೆಂಡ್. 20ರಲ್ಲಿ ಹಿಡಿದರೆ 0.2. ದೂರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆ, ದೂರ ಮೀಟರಿನಲ್ಲಿರಲಿ. ಹತ್ತು ಸಲ ಮಾಡು. ಓಟದ ಪಂದ್ಯದಲ್ಲಿ ಗುಂಡಿನ ಸದ್ದಾಗಿ 0.1 ಸೆಕೆಂಡಿಗಿಂತ ಮೊದಲೇ ಹೊರಟರೆ ತಪ್ಪು ಆರಂಭ ಅಂತ ಯಾಕೆ ಲೆಕ್ಕ ಹಾಕುತ್ತಾರೆ ಅಂತ ನಿನಗೇ ಗೊತ್ತಾಗುತ್ತದೆ.

ಅಮ್ಮನಪ್ರಶ್ನೆ
ನನ್ನ ಮಗ 23ರಲ್ಲಿ ಹಿಡಿದ, ನಾನು 19ರಲ್ಲಿ! ಅವನು ಇನ್ನೂ ಬಿಟ್ಟಿಲ್ಲ, ಮಾಡುತ್ತಲೇ ಇದ್ದಾನೆ.

ನೀಲಿಶೂ
ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ. ಆಡಿ ತೋರಿಸೋದಕ್ಕೆ ಅಂಕ ಇಲ್ಲವಂತೆ, ಕೇಳಿದೆ. ವಿಷಯ ತಗೊಂಡೆ. ಮನೆಯಲ್ಲಿ ಅಪ್ಪ ಪುಸ್ತಕ ತಿರುಗಿಸಿ ನೋಡಿ "ಇದರಲ್ಲಿ ಇಷ್ಟೆಲ್ಲ ಇದೆಯಾ" ಅಂದರು.

ಮೆಟ್ಟಿಲು ಪ್ರಯೋಗ ಮತ್ತೆ ಮಾಡಿದೆವು. ಎರಡು ಬೆರಳಿನಲ್ಲಿ ನಾಡಿ ಹಿಡಿದು, ಮೂರು ಬೇರೆ ಬೇರೆ ದಿನ. ನನಗೆ 168, 164, 164. ಗೆಳತಿಗೆ 136, 140, 136. ನಿಲ್ಲಿಸಿ ಒಂದು ನಿಮಿಷ ಆದಮೇಲೂ ಎಣಿಸಿದೆವು. ನನ್ನದು 128ಕ್ಕೆ ಇಳಿದಿತ್ತು, ಅವಳದು 96ಕ್ಕೆ. ಆಮೇಲೆ ನನ್ನ ಮಂಡಿಗಿಂತ ಎಷ್ಟೋ ಕೆಳಗೆ ಬರುವ ಗಿಡ್ಡ ಮೆಟ್ಟಿಲಿನಲ್ಲಿ ಒಂದು ದಿನ ಮಾಡಿದೆ. 148 ಬಂತು.

ಪುಸ್ತಕದಲ್ಲಿ 150 ಹೊಡೆದುಹಾಕಿ 172 ಅಂತ ಬರೆದು, ಪಕ್ಕದಲ್ಲಿ ಕಾರಣ ಬರೆದು, ಮಾಡಿಸಿದವರಿಗೇ ತೋರಿಸಿದೆ. ಕೈ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಓದಿ, ಗಿಡ್ಡ ಮೆಟ್ಟಿಲಿನ ಸಂಖ್ಯೆಯನ್ನೂ ಸೇರಿಸು ಅಂದರು.

ಈಗ ಹೊಸ ಪ್ರಶ್ನೆ. ಗಿಡ್ಡ ಮೆಟ್ಟಿಲಿನಲ್ಲೂ ನಾನು ಅವಳಿಗಿಂತ ಜಾಸ್ತಿ. ಅದು ಪೂರ್ತಿ ಈಜಿನ ಅಭ್ಯಾಸದಿಂದಲೇ ಅಂತ ಹೇಳಬಹುದಾ?

ಮಂಡಿಚಿಪ್ಪು
ಇಬ್ಬರನ್ನು ಇಟ್ಟುಕೊಂಡು ಹೇಳೋಕೆ ಆಗಲ್ಲ ಪುಟ್ಟಾ. ಅವಳು ಹುಟ್ಟಿನಿಂದಲೇ ಹಾಗಿರಬಹುದು. ನೀನು ಎಂಟು ವಾರ, ವಾರಕ್ಕೆ ಮೂರು ದಿನ, ಮಾತಾಡುತ್ತಾ ಹೋಗಬಹುದಾದಷ್ಟು ವೇಗದಲ್ಲಿ ಅರ್ಧ ಗಂಟೆ ಓಡು ಇಲ್ಲವೇ ಬಿರುಸಾಗಿ ನಡೆ. ಪ್ರತಿ ಭಾನುವಾರ ಅದೇ ಹೊತ್ತಿಗೆ, ಅದೇ ಗಿಡ್ಡ ಮೆಟ್ಟಿಲಿನಲ್ಲಿ ಎಣಿಸು. ಆಗ ನಿನ್ನನ್ನು ನಿನ್ನ ಜೊತೆಗೇ ಹೋಲಿಸಬಹುದು.

ನೀಲಿಶೂ
ಈ ಭಾನುವಾರದಿಂದ ಶುರು. ಮೊದಲ ಸಂಖ್ಯೆ 148.